ಗಾಳದ ಗಫೂರ ಸಾಹೇಬರು

ಎಂಟು ಮೊಳದ ಬಿದಿರುಕೋಲನ್ನು ಹೆಗಲ ಮೇಲಿಟ್ಟುಕೊಂಡು ಗಫೂರ ಸಾಹೇಬರು ಮನೆಯಿಂದ ಹೊರಬಿದ್ದರೆಂದರೆ ನಮ್ಮ ಓಣಿಯ ಮಂದಿಯೆಲ್ಲ ಮುಖ ಅತ್ತ ತಿರುಗಿಸಿಬಿಡುತ್ತಿದ್ದರು. ಕಸ ಹೊಡೆಯುತ್ತಿದ್ದ ಹೆಂಗಸರು ಗೋಡೆ ನೋಡುತ್ತ ನಿಲ್ಲುತ್ತಿದ್ದರು. ಕಟ್ಟೆಯ ಮೇಲಿನ ಮುದುಕರು ಆಕಾಶ ನೋಡುತ್ತಿದ್ದರು. ಅವರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಯಾರಾದರೂ ಮರೆತು "ಎಲ್ಲಿಗೆ ಹೊಂಟೀರಿ ಸಾಹೇಬ್ರ?" ಎಂದು ಕೇಳಿಬಿಟ್ಟರೆ ಮುಗಿಯಿತು. ಮನುಷ್ಯ ನಿಂತಲ್ಲೇ ನಿಂತು, ಕೇಳಿದವರ ಮುಖವನ್ನೇ ಒಂದು ಗಳಿಗೆ ನೋಡಿ, ಕೋಲು ತಿರುಗಿಸಿಕೊಂಡು ಮನೆಯೊಳಗೆ ಹೋಗಿಬಿಡುತ್ತಿದ್ದರು. ಒಂದು ತಂಬಿಗೆ ನೀರು ಕುಡಿಯಬೇಕು, ಕಾಲು ಗಂಟೆ ಕೂಡ್ರಬೇಕು, ಆಮೇಲೆ ಮತ್ತೆ ಹೊರಡಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂಬುದು ನಮ್ಮ ಮನೆಗಳಲ್ಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಾವು ಬಾಯಲ್ಲೇ ಬೈದುಕೊಂಡು ಮುಂದೆ ಹೋಗುತ್ತೇವೆ. ಗಫೂರ ಸಾಹೇಬರಿಗೆ ಅದು ಕಾಯದೆ.

ನಾನು ಕಲ್ಯಾಣದ ಶಾಲೆಗೆ ಮಾಸ್ತರನಾಗಿ ಬಂದದ್ದು ನಲವತ್ತೇಳರಲ್ಲಿ. ನನ್ನ ಬಾಡಿಗೆ ಮನೆಯ ಎದುರಿಗೇ ಅವರ ಮನೆ. ಅವರು ತಹಶೀಲ ಕಚೇರಿಯಲ್ಲಿ ಗುಮಾಸ್ತರು. ಉರ್ದುವಿನಲ್ಲಿ ಅವರ ಕೈಬರಹ ಎಷ್ಟು ಚಂದವೆಂದರೆ, ಅರ್ಜಿ ಬರೆಸಲು ಹುಮನಾಬಾದದಿಂದ ಕೂಡ ಜನ ಬರುತ್ತಿದ್ದರು. ಬಂದು ಏನು ಪ್ರಯೋಜನ? ಸಾಹೇಬರು ತ್ರಿಪುರಾಂತ ಕೆರೆಯ ದಂಡೆಯಲ್ಲಿ ಕುಳಿತಿರುತ್ತಿದ್ದರು. ಕಚೇರಿ ಶುರುವಾಗುವ ಮೊದಲು ಕೆರೆ, ಕಚೇರಿ ಬಿಟ್ಟ ಮೇಲೆ ಕೆರೆ, ಶುಕ್ರವಾರ ನಮಾಜು ಮುಗಿಸಿ ನೇರ ಕೆರೆ.

ಮೀನು ಹಿಡಿಯುವುದೆಂದರೆ ಗಾಳಕ್ಕೆ ಎರೆಹುಳ ಸಿಕ್ಕಿಸಿ ನೀರಿಗೆ ಎಸೆಯುವುದು ಎಂದು ನಾನು ತಿಳಿದಿದ್ದೆ. ಒಮ್ಮೆ ಹಾಗೆ ಅಂದದ್ದಕ್ಕೆ ಅವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರ ಕೆಲಸ ಮೂರು ದಿನ ಮೊದಲೇ ಶುರುವಾಗುತ್ತಿತ್ತು. ಶೇಂಗಾ ಹಿಂಡಿ, ಹುರಿದ ಮೆಂತ್ಯ, ಅಜಿವಾನ, ಹಳೆ ಬೆಲ್ಲ, ಕೊಳೆತ ಬಾಳೆಹಣ್ಣು, ಮೇಲೊಂದಿಷ್ಟು ಸೇಂದಿ, ಎಲ್ಲ ಕಲಸಿ ಗಡಿಗೆಯಲ್ಲಿ ಹುಳಿಯಿಡುತ್ತಿದ್ದರು. ಆ ಗಡಿಗೆಯ ಬಾಯಿ ತೆರೆದ ದಿನ ನನ್ನ ಹೆಂಡತಿ ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿ, ನನ್ನನ್ನೇ ಬೈಯುತ್ತಿದ್ದಳು. ಆ ಹಿಟ್ಟಿನ ಉಂಡೆಗಳನ್ನು ಮೂರು ದಿನ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಹಾಕಿ ಬರಬೇಕು. ನಾಲ್ಕನೇ ದಿನ ಗಾಳ. "ಮೊದ್ಲು ಮೂರು ದಿನ ಮೆಹಮಾನ್ ಮಾಡಬೇಕ್ರಿ ಮಾಸ್ತರ್. ಕರೀಲಾರದ ಮನಿಗೆ ಮೀನು ಭೀ ಬರಂಗಿಲ್ಲ" ಎನ್ನುತ್ತಿದ್ದರು. ತೇಲುಬೆಂಡು ನವಿಲುಗರಿಯ ಕಡ್ಡಿಯದೇ ಆಗಬೇಕು. ನೀರಿನ ಹತ್ತಿರ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ, ಎಷ್ಟು ಸಿಕ್ಕವು ಎಂದು ಕೇಳುವಂತಿಲ್ಲ.

ನಾವು ಲಿಂಗಾಯತರು, ಮೀನು ಮುಟ್ಟದವರು. ಆದರೂ ಸಂಜೆ ನಾನು ಹೋಗಿ ಅವರ ಪಕ್ಕ ಕೂಡ್ರುತ್ತಿದ್ದೆ. ಯಾಕೆಂದು ಕೇಳಬೇಡಿ. ಶಾಲೆಯಲ್ಲಿ ಇಡೀ ದಿನ ಕೂಗಿ ಕೂಗಿ ಸಾಕಾಗಿರುತ್ತಿತ್ತು. ಅಲ್ಲಿ ಒಬ್ಬ ಮನುಷ್ಯ ಒಂದು ಮಾತೂ ಆಡದೆ ಎರಡು ತಾಸು ನನ್ನನ್ನು ಜೊತೆಗಿಟ್ಟುಕೊಳ್ಳುತ್ತಿದ್ದ. ಮನೆಗೆ ಬರುವಾಗ ಹಾದಿಯಲ್ಲಿ ಮಾತು ಬರುತ್ತಿತ್ತು. ಆಗ ಅವರಂಥ ಮಾತುಗಾರ ಇನ್ನೊಬ್ಬನಿರಲಿಲ್ಲ.

ನಲವತ್ತೆಂಟರಲ್ಲಿ ನಿಜಾಮರ ರಾಜ್ಯ ಮುಗಿದು ಇಂಡಿಯಾದ ಫೌಜು ಬಂದ ದಿನಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅದಕ್ಕೆ ಮೊದಲು ನಾವು ಹೆದರಿ ಬಾಗಿಲು ಹಾಕಿಕೊಂಡಿದ್ದೆವು, ಆಮೇಲೆ ಸಾಹೇಬರ ಮಂದಿ ಹಾಕಿಕೊಂಡರು. ಓಣಿಯ ಎಷ್ಟೋ ಮನೆಗಳು ಬರಿದಾದವು, ಕೆಲವು ಮತ್ತೆ ತುಂಬಲೇ ಇಲ್ಲ. ಒಂದು ಮಧ್ಯಾಹ್ನ ನಾನೇ ಹೋಗಿ ಸಾಹೇಬರನ್ನೂ ಅವರ ಹೆಂಡತಿ ಭಾಬಿಯನ್ನೂ ನಮ್ಮ ಮನೆಗೆ ಕರೆತಂದು ಒಳಕೋಣೆಯಲ್ಲಿ ಇಟ್ಟುಕೊಂಡೆ. "ಬೇಕಾದ್ದು ಜಲ್ದಿ ತಗೊಂಡು ಬರ್ರಿ" ಎಂದಿದ್ದೆ. ನೌಕರಿಯ ಕಾಗದಪತ್ರ ತಂದಾರು ಎಂದುಕೊಂಡರೆ ಈ ಪುಣ್ಯಾತ್ಮ ಏನು ತಂದರು ಗೊತ್ತೇ? ಗಾಳದ ಡಬ್ಬಿ! ಎಂಟು ದಿನ ಒಳಗಿದ್ದರು. ಒಂದು ದಿನವೂ ಹೆದರಿಕೆಯ ಮಾತಾಡಲಿಲ್ಲ. ಬಂದ ಮರುದಿನವೇ ನನ್ನನ್ನು ಹತ್ತಿರ ಕರೆದು, "ಮಾಸ್ತರ್, ಒಂದು ಮಾತು. ಬೇವಿನ ಗಿಡದ ಬಾಜೂಕ ಎರಡು ದಿನ ಹಿಟ್ಟು ಹಾಕಿ ಬಂದೀನಿ. ಇವತ್ತ ಮೂರನೇದು ಬೀಳಲಿಲ್ಲಂದ್ರ ಎಲ್ಲಾ ಬರ್ಬಾದ್ ಆಗ್ತದ. ನೀವು ಹೋಗಿ…" ಎಂದರು. ನಾನು ಕೈ ಮುಗಿದೆ. ನನ್ನ ಹೆಂಡತಿ ಅಡಿಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಎಂಟು ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ.

ಮರುವರ್ಷ ಕಚೇರಿಗೆ ಹುಕುಂ ಬಂತು. ಇನ್ನು ಕೆಲಸವೆಲ್ಲ ಕನ್ನಡದಲ್ಲಿ. ಓದಲು ಬರೆಯಲು ಬಾರದ ಗುಮಾಸ್ತರು ಹುಮನಾಬಾದಕ್ಕೆ ಹೋಗಿ ಪರೀಕ್ಷೆ ಕೊಡಬೇಕು, ಪಾಸಾಗದಿದ್ದರೆ ನೌಕರಿ ಹೋಗುತ್ತದೆ. ಗಫೂರ ಸಾಹೇಬರಿಗೆ ಕನ್ನಡ ಮನೆಮಾತಿನಷ್ಟೇ ಸಲೀಸು, ಆದರೆ ಒಂದು ಅಕ್ಷರ ಬರೆಯಲು ಬಾರದು. ನಲವತ್ತು ದಾಟಿದ ಮನುಷ್ಯ, ಬೇರೆ ಕಸುಬು ಗೊತ್ತಿಲ್ಲ, ಹಿಂದೆ ಮುಂದೆ ಹೊಲವಿಲ್ಲ. ಆ ನೌಕರಿ ಹೋದರೆ ಹುಮನಾಬಾದಕ್ಕೆ ಹೋಗಿ ಹೆಂಡತಿಯ ತಮ್ಮನ ಅಂಗಡಿಯಲ್ಲಿ ಬೀಳಬೇಕು, ಕೆರೆ ಬಿಡಬೇಕು. ನಾನು ಹಟ ತೊಟ್ಟೆ. "ಪಾಸ್ ಮಾಡಸ್ತೀನಿ, ನೀವು ಕುಂತು ಕಲೀರಿ ಅಷ್ಟ" ಎಂದೆ.

"ಕಲೀತೀನ್ರಿ, ಯಾಕ ಕಲಿಯಂಗಿಲ್ಲ? ಆದ್ರ ಕೆರಿ ಕಡೆ ಬಂದು ಕಲಸ್ರಿ."

ಹಾಗಾಗಿ ಕೆರೆಯ ದಂಡೆಯಲ್ಲಿ ಶಾಲೆ. ಅವರ ತೊಡೆಯ ಮೇಲೆ ಪಾಟಿ, ಕೈಯಲ್ಲಿ ಬಳಪ, ಕಣ್ಣು ಬೆಂಡಿನ ಮೇಲೆ. ಅಕ್ಷರಗಳನ್ನು ನಾನು ಗಟ್ಟಿಯಾಗಿ ಹೇಳಿಕೊಡುವಂತಿಲ್ಲ, ಮೀನು ಓಡಿಹೋಗುತ್ತವಂತೆ! ನಾಲ್ಕು ಓಣಿಗೆ ಕೇಳುವ ಗಂಟಲಿನವನು ನಾನು, ಗುಟ್ಟು ಹೇಳುವವನ ಹಾಗೆ ಅವರ ಕಿವಿಯಲ್ಲಿ ಕ ಕಾ ಕಿ ಕೀ ಹೇಳಬೇಕಾಯಿತು. ಕೈ ಉರ್ದುವಿನದು, ಬಲದಿಂದ ಎಡಕ್ಕೆ ಹೊರಟುಬಿಡುತ್ತಿತ್ತು. ಒತ್ತಕ್ಷರ ಕಂಡರೆ, "ಒಂದರ ಕಾಲಾಗ ಇನ್ನೊಂದು ಯಾಕ ಕುಂತದ ಇದು? ಏನ್ ತಪ್ಪು ಮಾಡ್ಯಾದ?" ಎಂದು ಕೇಳುತ್ತಿದ್ದರು. ನಡುವೆ ಬೆಂಡು ಒಂದಿಷ್ಟು ಅಲುಗಿದರೆ ಪಾಟಿ ಕೆಸರಿಗೆ. ಮೂರು ಪಾಟಿ ಒಡೆದವು. ಒಮ್ಮೆ ನಾನು ಸಿಟ್ಟಿನಿಂದ ಬಳಪ ಎತ್ತಿ ನೀರಿಗೇ ಎಸೆದೆ. ಅವರು ಬಳಪ ಬಿದ್ದ ಜಾಗವನ್ನೇ ನೋಡುತ್ತ, "ಆ ಜಾಗಾ ಇವತ್ತ ಹಾಳಾಯ್ತು" ಎಂದು ಎದ್ದು ಎರಡು ಮಾರು ಆಚೆ ಹೋಗಿ ಕುಳಿತರು.

ಪರೀಕ್ಷೆಗೆ ಒಂದು ತಿಂಗಳು ಉಳಿದಾಗ ನಾನೊಂದು ಉಪಾಯ ಹೂಡಿದೆ. ಬೆಳಿಗ್ಗೆ ಅವರ ಬಾಗಿಲ ಎದುರು ಕಟ್ಟೆಯ ಮೇಲೆ ಕುಳಿತುಬಿಡುವುದು. ಕೋಲು ಹೊರಗೆ ಕಂಡ ಕೂಡಲೆ, "ಎಲ್ಲಿಗೆ ಹೊಂಟೀರಿ ಸಾಹೇಬ್ರ?" ಎನ್ನುವುದು. ಅವರು ಒಳಗೆ ಹೋಗಿ ನೀರು ಕುಡಿದು, ಕಾಲು ಗಂಟೆ ಕುಳಿತು ಮತ್ತೆ ಬರಬೇಕು. ಬಂದರೆ ಮತ್ತೆ, "ಎಲ್ಲಿಗೆ?" ಎರಡನೇ ದಿನ ನಾಲ್ಕು ತಂಬಿಗೆ ನೀರು ಕುಡಿದು, ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದವರು, "ನೀವು ದೋಸ್ತರೋ ದುಶ್ಮನ್ನರೋ ಮಾಸ್ತರ್?" ಎಂದು ಕೋಲು ಮೂಲೆಗಿಟ್ಟರು. ಕೋಲು ಮತ್ತೆ ಇಣುಕಿದರೆ ಅದೇ ಪ್ರಶ್ನೆ ಹಾಕಲು ನಾನೂ ದಿನಾ ಬೆಳಿಗ್ಗೆ ಕಟ್ಟೆ ಕಾದೆ. ಆ ತಿಂಗಳು ಮನೆಯಲ್ಲಿ ಕುಳಿತು ಕಲಿತರು ನೋಡಿ! ಒಂದಿಡೀ ಪುಟ ತಪ್ಪಿಲ್ಲದೆ ಬರೆಯುವಷ್ಟಾದರು. ಭಾಬಿ ಪರದೆಯ ಹಿಂದಿನಿಂದ, "ಮಾಸ್ತರ್, ನಿಮ್ಮಿಂದ ನಮ್ಮ ಮನಿ ಉಳೀತದ" ಎಂದರು. ನಾನು ಬೀಗಿಹೋದೆ.

ಪರೀಕ್ಷೆಯ ದಿನ ಬಂತು. ಹುಮನಾಬಾದಕ್ಕೆ ಬೆಳಿಗ್ಗೆ ಒಂದೇ ಮೋಟಾರು. ನಾನು ಎಂದಿನಂತೆ ಕಟ್ಟೆಯ ಮೇಲೆ ಕುಳಿತು ಹಲ್ಲು ತಿಕ್ಕುತ್ತಿದ್ದೆ. ಎದುರು ಬಾಗಿಲು ತೆರೆಯಿತು. ಇಸ್ತ್ರಿಯ ಶೇರವಾನಿ, ಟೋಪಿ, ಜೇಬಿನಲ್ಲಿ ಎರಡು ಲೇಖನಿ, ಕೈಯಲ್ಲಿ ಬುತ್ತಿಗಂಟು. ಸಾಹೇಬರು ಹೊಸ್ತಿಲು ದಾಟಿದರು. ಆ ತಿಂಗಳೆಲ್ಲ ರೂಢಿಯಾದ ನನ್ನ ಹಾಳು ಬಾಯಿ ತಾನಾಗಿಯೇ ತೆರೆಯಿತು.

"ಎಲ್ಲಿಗೆ ಹೊಂಟೀರಿ ಸಾಹೇಬ್ರ?"

ಅವರು ನಿಂತರು. ನಾನು ನಾಲಿಗೆ ಕಚ್ಚಿಕೊಂಡೆ. ಓಡಿಹೋಗಿ ಅವರ ಕೈ ಹಿಡಿದೆ. "ಸಾಹೇಬ್ರ, ತಪ್ಪಾಯ್ತು! ಇದು ಮೀನಿಗಿ ಹೋಗೋದಲ್ಲ, ಇಮ್ತಿಹಾನ್ ಇದು! ನಡೀರಿ, ಮೋಟಾರ್ ಹೋಗ್ತದ!"

"ಮಾಸ್ತರ್," ಎಂದರು, ಮಗುವಿಗೆ ಹೇಳುವಷ್ಟು ಮೆತ್ತಗೆ, "ಮೀನಿಗೊಂದು ಕಾಯದಾ, ಇಮ್ತಿಹಾನಿಗೊಂದು ಕಾಯದಾ ಇರ್ತದೇನ್ರಿ?" ಎಂದು ಒಳಗೆ ಹೋದರು. ನೀರು ಕುಡಿದರು. ಕುಳಿತರು. ನಾನು ಹೊಸ್ತಿಲಲ್ಲಿ ನಿಂತು ಬೈದೆ, ಅತ್ತೆ, ಭಾಬಿಯೂ ಅತ್ತರು. ಕಾಲು ಗಂಟೆ ಮುಗಿಸಿ ಎದ್ದು ಬಂದಾಗ ಮೋಟಾರು ಊರ ಹೊರಗಿನ ಏರು ಹತ್ತುತ್ತಿತ್ತು. ನಮ್ಮಿಬ್ಬರಲ್ಲಿ ಯಾರು ದೊಡ್ಡ ಹುಚ್ಚ ಎಂದು ಇವತ್ತಿಗೂ ನನಗೆ ತೀರ್ಮಾನ ಮಾಡಲಾಗಿಲ್ಲ.

ಕಾಯಿಲೆಯಾಗಿತ್ತೆಂದು ಅರ್ಜಿ ಬರೆದು, ನಾಲ್ಕು ಮಂದಿಯ ಕೈಕಾಲು ಹಿಡಿದು, ಆರು ತಿಂಗಳ ಮೇಲಿನ ಎರಡನೇ ಪರೀಕ್ಷೆಗೆ ನಾನೇ ಅವರ ಹೆಸರು ಸೇರಿಸಿದೆ. ಅಷ್ಟರಲ್ಲಿ ಮೊದಲ ಸಲ ಪಾಸಾಗಿದ್ದ ಅವರ ಜೊತೆಯ ಗುಮಾಸ್ತನೊಬ್ಬನನ್ನು ಫೌಜದಾರಿ ಶಾಖೆಗೆ ಹಾಕಿದ್ದರು. ಗಲಾಟೆಯ ದಿನಗಳ ಖಟ್ಲೆಗಳ ಉರ್ದು ಕಾಗದಗಳನ್ನು ಕನ್ನಡಕ್ಕೆ ಇಳಿಸುವುದು, ಸಮನ್ಸು, ವಾರಂಟು ಬರೆಯುವುದು ಅವನ ಕೆಲಸ. ಸಾಹೇಬರು ಅವನ ಮೇಜಿನ ಎದುರೇ ಕೂಡ್ರುತ್ತಿದ್ದರು. ಆ ದಿನಗಳಲ್ಲಿ ಅವರ ಮಾತು ಕಡಿಮೆಯಾಗಿತ್ತು. ಅವನು ಗೆದ್ದ, ತಾವು ಹಿಂದೆ ಬಿದ್ದೆವೆಂಬ ಹೊಟ್ಟೆಕಿಚ್ಚು ಇರಬೇಕೆಂದು ನಾನು ತಿಳಿದೆ. ಅಷ್ಟು ಬುದ್ಧಿವಂತ ನಾನು.

ಎರಡನೇ ಪರೀಕ್ಷೆಗೆ ಅವರನ್ನು ಮೋಟಾರಿನಲ್ಲಿ ಕೂಡ್ರಿಸಿ ನಾನೂ ಪಕ್ಕದಲ್ಲಿ ಕುಳಿತು ಹುಮನಾಬಾದ ಮುಟ್ಟಿಸಿದೆ. ಹಾದಿಯುದ್ದಕ್ಕೂ ಬಾಯಿಗೆ ವಸ್ತ್ರ ಇಟ್ಟುಕೊಂಡಿದ್ದೆ. ಬರೆದು ಹೊರಬಂದವರ ಮುಖ ತಿಳಿಯಾಗಿತ್ತು. "ಚೆಂದ ಬರದೀನ್ರಿ" ಎಂದರು. ಹದಿನೈದು ದಿನಕ್ಕೆ ಪರೀಕ್ಷಕರು ನನಗೆ ಹೇಳಿಕಳಿಸಿದರು. ಅವರು ಅಲ್ಲಿನ ಶಾಲೆಯವರು, ನನ್ನ ಪರಿಚಯದವರು. ಹೋದರೆ ಒಂದು ಉತ್ತರಪತ್ರಿಕೆ ಮುಂದಿಟ್ಟರು. ಎರಡು ಪ್ರಶ್ನೆ. ಮೊದಲನೆಯದು, ನಿಮ್ಮ ದಿನಚರಿಯ ಬಗ್ಗೆ ಹತ್ತು ವಾಕ್ಯ ಬರೆಯಿರಿ. ಎರಡನೆಯದು, ಒಂದು ಉರ್ದು ಸಮನ್ಸನ್ನು ಕನ್ನಡಕ್ಕೆ ಇಳಿಸಿರಿ. ಅದಕ್ಕೇ ಮುಕ್ಕಾಲು ಪಾಲು ಅಂಕ.

ಹತ್ತು ವಾಕ್ಯದ ಜಾಗಕ್ಕೆ ನಾಲ್ಕು ಪುಟ ಬರೆದಿದ್ದರು. "ಮುಂಜಾನಿ ಕೆರಿ ನೀರು ಸುಮ್ಕ ಇರ್ತದ. ಮನುಷ್ಯಾ ಭೀ ಸುಮ್ಕ ಇರಬೇಕು. ಒಬ್ಬರಿಗೊಬ್ಬರು ಹೆದರೋದು ಬಿಟ್ಟ ಮ್ಯಾಲ ಮೀನು ಬರ್ತದ. ಬರಲಿಲ್ಲಂದ್ರ ಭೀ ನುಕ್ಸಾನ ಇಲ್ಲ, ಕೂತದ್ದು ಖೋಟಾ ಆಗಂಗಿಲ್ಲ." ಆ ಸಾಲುಗಳನ್ನು ಎರಡು ಸಲ ಓದಿದೆ. ಇಷ್ಟು ವರ್ಷ ಮಾಸ್ತರಿಕೆ ಮಾಡಿದವನು ನಾನು, ಇಷ್ಟು ಸರಳವಾಗಿ ನನಗೆ ಬರೆಯಲು ಬಾರದು. ಪುಟ ತಿರುಗಿಸಿದೆ. ಎರಡನೇ ಪ್ರಶ್ನೆಗೆ ಉತ್ತರವಿರಲಿಲ್ಲ. ಒಂದಕ್ಷರವೂ ಇಲ್ಲ.

"ಒಂದ್ ನಾಲ್ಕು ಸಾಲು ಬರದಿದ್ರ ನಾ ಪಾಸ್ ಮಾಡತಿದ್ದೆ" ಎಂದರು ಪರೀಕ್ಷಕರು.

ಊರಿಗೆ ಬಂದವನು ನೇರ ಕೆರೆಗೆ ಹೋಗಿ ಜೀವಮಾನದಲ್ಲಿ ಮೊದಲ ಬಾರಿಗೆ ಆ ದಂಡೆಯಲ್ಲಿ ಗಂಟಲು ಹರಿಯುವಂತೆ ಕೂಗಿದೆ. "ಎರಡನೇ ಸವಾಲ್ ಯಾಕ ಬಿಟ್ರಿ? ಯಾಕ?"

"ಟೈಮ್ ಆಗಲಿಲ್ರಿ."

"ಮೀನಿನ ಪುರಾಣಕ್ಕ ಟೈಮ್ ಇತ್ತು!"

ಅವರು ಬೆಂಡು ನೋಡುತ್ತ ಕುಳಿತರು. ನಾನು ಎದ್ದು ಬಂದೆ. ಎರಡು ತಿಂಗಳು ಮಾತು ಬಿಟ್ಟೆ. ನೌಕರಿ ಹೋಯಿತು. ಸಾಮಾನು ಬಂಡಿಗೆ ಹೇರಿ ಹುಮನಾಬಾದಕ್ಕೆ, ಹೆಂಡತಿಯ ತಮ್ಮನ ಕಿರಾಣಿ ಅಂಗಡಿಗೆ ಹೊರಟ ದಿನವೂ ನಾನು ಹೊರಗೆ ಬರಲಿಲ್ಲ. ನನ್ನ ಹೆಂಡತಿ ಹೋಗಿ ಭಾಬಿಯ ಕೈ ಹಿಡಿದು ಬಂದಳು, ಬಂದು ನನ್ನ ಊಟದ ತಾಟನ್ನು ಸಪ್ಪಳಾಗುವಂತೆ ನೆಲಕ್ಕಿಟ್ಟಳು.

ಐವತ್ತರಲ್ಲಿ ಹೊಸ ಅಧಿಕಾರಿಯೊಬ್ಬರು ಬಂದರು. ನಪಾಸಾದವರಿಗೆ ಕೊನೆಯದಾಗಿ ಇನ್ನೊಂದು ಅವಕಾಶವೆಂದು ಕಾಗದ ಹೊರಟಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ! ಆ ಕಾಗದದ ನಕಲು ಜೇಬಿನಲ್ಲಿಟ್ಟುಕೊಂಡು, ಹಳೆಯ ಪ್ರಶ್ನೆಪತ್ರಿಕೆಯನ್ನೂ ತೆಗೆದುಕೊಂಡು ಹುಮನಾಬಾದಕ್ಕೆ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಹೇಬರು ಹೊರಸಿನ ಮೇಲೆ ಮಲಗಿದ್ದರು. ಕಣ್ಣು ಅರಿಸಿನ ಬಳಿದ ಹಾಗೆ. ಕಾಮಾಲೆಯಂತೆ. ನನ್ನನ್ನು ನೋಡಿ ಏಳಲು ಹೋದರು.

"ಮಲಗ್ರಿ, ಮಲಗ್ರಿ. ಮಲಗೇ ಕಲೀರಿ" ಎಂದು ಸಮನ್ಸಿನ ಹಾಳೆ ಅವರ ಕೈಗಿಟ್ಟೆ. "ಇದೊಂದು ಕಲತ್ರ ಆಯ್ತು. ಒಂದೊಂದು ಮಾತು ಹೇಳಿಕೊಡ್ತೀನಿ."

ಅವರು ಹಾಳೆಯನ್ನು ಒಮ್ಮೆ ನೋಡಿ ಎದೆಯ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿ, ಮೊದಲಿನಿಂದ ಕೊನೆಯವರೆಗೆ, ಫಿರ್ಯಾದಿ, ಆರೋಪಿ, ಹಾಜರಾಗತಕ್ಕದ್ದು, ತಪ್ಪಿದಲ್ಲಿ ಎಂದು ಎಲ್ಲಿಯೂ ನಿಲ್ಲದೆ ಶುದ್ಧ ಕಚೇರಿ ಕನ್ನಡದಲ್ಲಿ ಹೇಳಿ ಮುಗಿಸಿದರು. ನಾನು ಬಾಯಿ ತೆರೆದುಕೊಂಡು ಕುಳಿತೆ.

"ಯಾವಾಗ ಕಲತ್ರಿ ಇದನ್ನ?"

"ಆವತ್ತು ಭೀ ಬರ್ತಿತ್ತು ಮಾಸ್ತರ್."

"ಬರ್ತಿತ್ತು ಅಂದ್ರ? ಮತ್ತ ಯಾಕ ಬರೀಲಿಲ್ಲ?"

ಅವರು ಹಾಳೆಯನ್ನು ಮಡಿಚಿ ನನ್ನ ಕೈಗೆ ವಾಪಸು ಕೊಟ್ಟರು. "ಪಾಸ್ ಆದವರಿಗೆಲ್ಲ ಆ ಫೌಜದಾರಿ ಮೇಜ್ ಕೊಡಾಕತ್ತಿದ್ರು. ಕಾಗದ ನಾನೂ ನೋಡ್ತಿದ್ದೆ. ಎಲ್ಲಾ ನಮ್ಮ ಓಣಿ ಹೆಸರು. ತಪ್ಪು ಮಾಡಿದವರದೂ ಇದ್ವು, ಮಾಡಲಾರದವರದೂ ಇದ್ವು. ನನ್ನ ಸಂಗಾಟ ಕೂತು ಉಂಡವರ ಹೆಸರು ನನ್ನ ಕೈಯಾಗ ಬರೆದು, ಸಂಜಿಗೆ ಅವರ ಮನಿ ಮುಂದ ಹ್ಯಾಂಗ ಹಾದು ಬರಬೇಕ್ರಿ? ನನಗ ಆಗಲಿಲ್ಲ."

ನನಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಸುಡುವ ಸಿಟ್ಟು. "ನನಗೊಂದು ಮಾತು ಹೇಳಬೇಕಿಲ್ಲೇನ್ರಿ? ಎರಡು ತಿಂಗಳು ಮಾತು ಬಿಟ್ಟೆ ನಾನು! ನೀವು ಹೋಗೋ ದಿನ ಹೊರಗ ಬರಲಿಲ್ಲ ನಾನು!"

"ಹೇಳಿದ್ರ ನೀವು ಮನಸ್ಸು ಒಲಸ್ತಿದ್ರಿ. ನಿಮ್ಮ ಮಾತಿಗಿ ಇಲ್ಲ ಅನ್ನಾಕ ನನಗ ಬರಂಗಿಲ್ಲ."

"ಬ್ಯಾರೆ ಮೇಜ್ ಕೇಳಬಹುದಿತ್ತು! ಜಮೀನು ಶಾಖೆ ಇಲ್ಲೇನು? ಪಹಣಿ ಬರೀಲಾಕ ಯಾರ ಹೆಸರಿಗೆ ಏನು ಆಗ್ತದ?"

"ಕೇಳಿದ್ರ ಕೊಡ್ತಾರೇನ್ರಿ ನನಗ?" ಎಂದರು. ಆ 'ನನಗ' ಎಂಬ ಮಾತು ಕೇಳಿದ್ದೇ ಎದ್ದು ನಿಂತು, "ನಾ ಕೇಳ್ತೀನಿ. ನೀವು ಜಡ್ಡು ವಾಸಿ ಮಾಡ್ಕೋರಿ" ಎಂದು ಜಬರಿಸಿ ಹೇಳಿ ಬಂದೆ. ಅವರು ನಕ್ಕರು. ಅದೇ ನಾನು ನೋಡಿದ ಕೊನೆಯ ನಗು.

ಅಧಿಕಾರಿಯ ಮುಂದೆ ಹೋಗಿ ನಿಂತೆ. ಹಿಂದಿನ ದಿನವೆಲ್ಲ ಮಾತು ಜೋಡಿಸಿಕೊಂಡಿದ್ದೆ, ವಾದಕ್ಕೆ ಸಿದ್ಧನಾಗಿ ಹೋಗಿದ್ದೆ. ಅವರು ಅರ್ಧಕ್ಕೇ ಕೈ ಎತ್ತಿ ತಡೆದರು. "ಜಮೀನು ಶಾಖೆಗೆ ಜನರೇ ಇಲ್ಲ. ಹಳೇ ಉರ್ದು ದಫ್ತರ ಓದುವವರು ಬೇಕಾಗಿದ್ದಾರೆ. ಪರೀಕ್ಷೆ ಬರೆಯಲಿ, ಅಲ್ಲೇ ಹಾಕೋಣ. ಇಷ್ಟೇ ಏನು? ಇದನ್ನು ಮೊದಲೇ ಹೇಳಬಾರದಿತ್ತೇ?"

ಇಷ್ಟೇ! ಒಂದು ಮಾತು, ಒಂದು ಅರ್ಜಿ. ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಹಣೆ ಬಡಿದುಕೊಂಡೆ. ಆದರೂ ಸಂತೋಷ. ಶಾಲೆಗೆ ರಜೆ ಸಿಗಲು ನಾಲ್ಕು ದಿನ ಹಿಡಿಯಿತು. ಐದನೇ ದಿನ ಹುಮನಾಬಾದದಲ್ಲಿ ಇಳಿದು, ಹೇಳಬೇಕಾದ ಬೈಗುಳವನ್ನೆಲ್ಲ ನೆನೆಯುತ್ತ ಓಡುವ ನಡಿಗೆಯಲ್ಲಿ ಹೋದೆ. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಭಾಬಿಯ ತಮ್ಮ ನನ್ನನ್ನು ಕಂಡು ತಕ್ಕಡಿ ಕೆಳಗಿಟ್ಟ.

"ಮೊನ್ನೆ ಜುಮ್ಮಾ ದಿನ ಹೋದ್ರು ಮಾಸ್ತರ್. ಜಡ್ಡು ಜೋರಾದಾಗ ನಿಮಗ ಖಬರ್ ಕಳಸ್ತೀನಿ ಅಂದೆ. ಬ್ಯಾಡ ಅಂದ್ರು, ಶಾಲಿ ಬಿಟ್ಟು ಓಡಿಬರ್ತಾರ ಅಂದ್ರು."

ಹಿಂದಿನ ಕೋಣೆಯಲ್ಲಿ ಹೊರಸನ್ನು ಗೋಡೆಗೆ ನಿಲ್ಲಿಸಿದ್ದರು. ನಾನು ನೆಲದ ಮೇಲೆ ಕುಳಿತೆ. ಯಾವಾಗಲೂ ಪರದೆಯ ಹಿಂದೆ ಭಾಬಿ ಬಂದು ನಿಂತದ್ದು ಬಳೆಯ ಸಪ್ಪಳದಿಂದ ಗೊತ್ತಾಗುತ್ತಿತ್ತು. ಆ ದಿನ ಬಳೆಯ ಸಪ್ಪಳವಿರಲಿಲ್ಲ. ದನಿಯಷ್ಟೇ ಬಂತು.

"ಬಾಗಿಲ ಕಡೆ ನೋಡೋದೇ ಆಗಿತ್ರಿ ಅವರದು. ಜಮೀನು ಶಾಖೆ ಸಿಕ್ರ ಹೋಗಿ ಬರದು ಬರ್ತೀನಿ, ಮತ್ತ ಕಲ್ಯಾಣಕ್ಕ ಹೋಗೋಣ ಅಂತಿದ್ರು. ನನಗ ಸಾಮಾನು ಕಟ್ಟು ಅಂದಿದ್ರು." ಆಮೇಲೆ ಕೇಳಿದರು. "ಕಚೇರಿ ಸಾಹೇಬ್ರು ಏನಂದ್ರು ಮಾಸ್ತರ್? ಕೊಡ್ತೀವಿ ಅಂದ್ರೇನು?"

ಮೂಲೆಯಲ್ಲಿ ಎರಡು ಗಂಟು ಕಟ್ಟಿಟ್ಟಿದ್ದವು.

"ಇಲ್ರಿ ಭಾಬಿ," ಎಂದೆ. "ಆಗಂಗಿಲ್ಲ ಅಂದ್ರು."